ಐವತ್ತು ವೋಲ್ಟಿನ ಕಾಯಿಲ್ ಲಾಂಚರ್: ಲೆಕ್ಕ, ಸುತ್ತುವಿಕೆ, ತೊಂದರೆಗಳು

ಕಾಯಿಲ್ ಲಾಂಚರ್ ಎಂದರೆ ತಂತಿಯ ಸುರುಳಿಗೆ (ಕಾಯಿಲ್) ಕರೆಂಟ್ ಕೊಟ್ಟು ಕಬ್ಬಿಣದ ತುಂಡನ್ನು ಹಾರಿಸುವ ಸಾಧನ. ಇದನ್ನು ಮಾಡಲು ಹೊರಟ ಹೆಚ್ಚಿನವರು ಮೊದಲು ಹುಡುಕುವುದು ದೊಡ್ಡ ಕೆಪಾಸಿಟರ್ ಮತ್ತು ಹೆಚ್ಚು ವೋಲ್ಟೇಜ್. ಆದರೆ ಇದರಲ್ಲಿ ಎಷ್ಟು ಶಕ್ತಿ ಸುರಿದಿರಿ ಎನ್ನುವುದಕ್ಕಿಂತ ಅದನ್ನು ಯಾವಾಗ ಸುರಿದಿರಿ, ಯಾವಾಗ ನಿಲ್ಲಿಸಿದಿರಿ ಎನ್ನುವುದೇ ದೊಡ್ಡದು. ಮೇಜಿನ ಮೇಲೆ ಇಟ್ಟು ಅಳೆದು ಕಲಿಯಬಹುದಾದ, ಅರವತ್ತು ವೋಲ್ಟ್ ದಾಟದ, ಒಂದೇ ಹಂತದ ಲಾಂಚರ್‌ನ ಪೂರ್ತಿ ವಿನ್ಯಾಸ ಇಲ್ಲಿದೆ. ಇದರಿಂದ ಹೊರಬರುವ ಕಬ್ಬಿಣದ ತುಂಡಿನ ವೇಗ ಸೆಕೆಂಡಿಗೆ 7ರಿಂದ 10 ಮೀಟರ್, ಅಂದರೆ ಕೈಯಿಂದ ಎಸೆದಷ್ಟೇ. ಕಲಿಯಲು ಅಷ್ಟು ಸಾಕು.

ಕೆಲಸ ಮಾಡುವ ಬಗೆ ಸರಳ. ಕಾಯಿಲ್‌ನಲ್ಲಿ ಕರೆಂಟ್ ಹರಿದಾಗ ಹತ್ತಿರದ ಕಬ್ಬಿಣ ಅದರ ನಡುವಿಗೆ ಎಳೆಯಲ್ಪಡುತ್ತದೆ. ಎಳೆತದ ಬಲ ಕರೆಂಟಿನ ವರ್ಗದ ಅರ್ಧವನ್ನು, ತುಂಡು ಸರಿದಂತೆ ಇಂಡಕ್ಟನ್ಸ್ (ಕರೆಂಟ್ ಬದಲಾಗುವುದನ್ನು ತಡೆಯುವ ಕಾಯಿಲಿನ ಗುಣ) ಬದಲಾಗುವ ದರದಿಂದ ಗುಣಿಸಿದಷ್ಟು. ಕಬ್ಬಿಣ ಸ್ಯಾಚುರೇಟ್ ಆಗುವವರೆಗೆ, ಅಂದರೆ ಇನ್ನು ಹೆಚ್ಚು ಕಾಂತವಾಗಲಾರದ ಮಟ್ಟ ಮುಟ್ಟುವವರೆಗೆ, ಈ ಲೆಕ್ಕ ಸರಿ. ಆಮೇಲೆ ಕರೆಂಟ್ ಎರಡು ಪಟ್ಟಾದರೆ ಬಲ ಹೆಚ್ಚುಕಡಿಮೆ ಎರಡೇ ಪಟ್ಟಾಗುತ್ತದೆ, ನಾಲ್ಕಲ್ಲ. ಕೆಳಗೆ ಹೇಳುವ ಅಳತೆಯ ಸರಳು ಕೆಲವೇ ಹತ್ತು ಆಂಪಿಯರಿಗೆ ಸ್ಯಾಚುರೇಟ್ ಆಗಿಬಿಡುತ್ತದೆ. ಹಾಗಾಗಿ ಕರೆಂಟನ್ನು ಬೇಕಾಬಿಟ್ಟಿ ಏರಿಸಿದರೆ ತಾಮ್ರದಲ್ಲಿ ಕಳೆದುಹೋಗುವ ಶಾಖ ವರ್ಗದಲ್ಲಿ ಏರುತ್ತದೆ, ಬಲ ಮಾತ್ರ ಕುಂಟುತ್ತ ಹಿಂದೆ ಬರುತ್ತದೆ.

ಇನ್ನೊಂದು ಮಾತು. ತುಂಡು ಕಾಯಿಲ್‌ನ ನಡುವನ್ನು ದಾಟಿದ ಮೇಲೂ ಕರೆಂಟ್ ಉಳಿದಿದ್ದರೆ ಅದೇ ಕಾಯಿಲ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಈ ಹಿಂದೆಳೆತವೇ ಮನೆಯಲ್ಲಿ ಮಾಡಿದ ಲಾಂಚರ್‌ಗಳ ಮುಖ್ಯ ಶತ್ರು. ಎಲ್ಲವೂ ಸರಿಯಿದ್ದೂ ತುಂಡು ನಳಿಕೆಯೊಳಗೆ ಹಿಂದೆ ಮುಂದೆ ಆಡಿ ಅಲ್ಲೇ ನಿಂತರೆ ಕಾರಣ ಇದೇ.

ಲೆಕ್ಕ ಎಲ್ಲಿಂದ ಶುರು

ಶುರು ಮಾಡಬೇಕಾದದ್ದು ತುಂಡಿನಿಂದ, ಕೆಪಾಸಿಟರಿನಿಂದಲ್ಲ. 6 ಮಿ.ಮೀ. ವ್ಯಾಸದ, 25 ಮಿ.ಮೀ. ಉದ್ದದ ಮೈಲ್ಡ್ ಸ್ಟೀಲ್ ಸರಳಿನ ತೂಕ ಸುಮಾರು 5.5 ಗ್ರಾಂ. ಕಾಯಿಲ್‌ನ ಉದ್ದವೂ ತುಂಡಿನಷ್ಟೇ, 25 ಮಿ.ಮೀ. ಇರಲಿ. ತುಂಡಿನ ಮೂತಿ 5 ಮಿ.ಮೀ. ಒಳಗೆ ಹೋಗಿರುವಂತೆ ಇಟ್ಟರೆ ಅದು ನಡುವಿಗೆ ಬರಲು 20 ಮಿ.ಮೀ. ಸರಿಯಬೇಕು. ಸೊನ್ನೆಯಿಂದ ಹೊರಟು ಸೆಕೆಂಡಿಗೆ 10 ಮೀಟರ್ ವೇಗ ತಲುಪುವಷ್ಟರಲ್ಲಿ ಈ ದೂರ ಕ್ರಮಿಸಲು ಸುಮಾರು 4 ಮಿಲಿಸೆಕೆಂಡ್ ಬೇಕು. ಹಾಗಾದರೆ ನಮಗೆ ಬೇಕಾದ ಕರೆಂಟ್ ಪಲ್ಸ್ ಕೂಡ ಅಷ್ಟೇ ಹೊತ್ತಿನದು: ಬೇಗ ಏರಬೇಕು, 3ರಿಂದ 4 ಮಿಲಿಸೆಕೆಂಡಿನೊಳಗೆ ಇಳಿದಿರಬೇಕು.

ಈಗ ಕಾಯಿಲ್. 8 ಮಿ.ಮೀ. ಹೊರವ್ಯಾಸದ ತೆಳು ಪ್ಲಾಸ್ಟಿಕ್ ಕೊಳವೆಯ ಮೇಲೆ 0.8 ಮಿ.ಮೀ. ಎನಾಮಲ್ ತಾಮ್ರದ ತಂತಿ. ಎನಾಮಲ್ ಸೇರಿ ತಂತಿಯ ದಪ್ಪ ಸುಮಾರು 0.87 ಮಿ.ಮೀ. ಆಗುವುದರಿಂದ ಒಂದು ಪದರಕ್ಕೆ 28 ಸುತ್ತು ಹಿಡಿಯುತ್ತದೆ. ಆರು ಪದರಕ್ಕೆ 168 ಸುತ್ತು. ತಂತಿ ಸುಮಾರು 7 ಮೀಟರ್ ಬೇಕು, ಬಾಲಕ್ಕೆಂದು ಒಂದು ಮೀಟರ್ ಹೆಚ್ಚಿಗೆ ಇಟ್ಟುಕೊಳ್ಳಿ. ರೆಸಿಸ್ಟೆನ್ಸ್ ಸುಮಾರು 0.24 ಓಮ್, ಒಳಗೆ ಕಬ್ಬಿಣವಿಲ್ಲದಾಗ ಇಂಡಕ್ಟನ್ಸ್ ಸುಮಾರು 120 ಮೈಕ್ರೊಹೆನ್ರಿ.

ಕೆಪಾಸಿಟರ್: 63 ವೋಲ್ಟ್, 4700 ಮೈಕ್ರೊಫ್ಯಾರಡ್‌ನ ಎಲೆಕ್ಟ್ರೊಲಿಟಿಕ್ ಎರಡು, ಪ್ಯಾರಲಲ್‌ನಲ್ಲಿ. 50 ವೋಲ್ಟಿಗೆ ತುಂಬಿಸಿದಾಗ ಒಟ್ಟು ಶಕ್ತಿ 11.75 ಜೂಲ್. ವೈರಿಂಗ್ ಮತ್ತು ಕೆಪಾಸಿಟರ್‌ನ ಒಳರೋಧ ಸೇರಿಸಿ ಒಟ್ಟು 0.3 ಓಮ್ ಹಿಡಿದರೆ ಕರೆಂಟ್ ಸುಮಾರು ಒಂದು ಮಿಲಿಸೆಕೆಂಡಿನಲ್ಲಿ 130 ಆಂಪಿಯರ್ ಮುಟ್ಟಿ ಆಮೇಲೆ ನಿಧಾನ ಇಳಿಯುತ್ತದೆ. 5 ಮಿಲಿಸೆಕೆಂಡಿನ ಹೊತ್ತಿಗೂ ಸುಮಾರು 30 ಆಂಪಿಯರ್ ಉಳಿದಿರುತ್ತದೆ. ಪಲ್ಸಿನ ಬಾಲ ಸ್ವಲ್ಪ ಉದ್ದವಾಯಿತು ಎಂದು ಇಲ್ಲೇ ಗೊತ್ತಾಗುತ್ತದೆ. ಒಂದು ಕೆಪಾಸಿಟರ್ ಕಳಚಿ 4700 ಮಾತ್ರ ಉಳಿಸಿದರೆ ಶಿಖರ ಕರೆಂಟ್ 120ರ ಆಸುಪಾಸಿನಲ್ಲೇ ಇರುತ್ತದೆ, ಬಾಲ ಮಾತ್ರ ಮೊಟಕಾಗುತ್ತದೆ. ಶಕ್ತಿ ಅರ್ಧವಾದರೂ ವೇಗ ಅರ್ಧವಾಗುವುದಿಲ್ಲ. ಇದನ್ನು ಮಾಡಿ ನೋಡಿದವರಿಗೆ ಈ ಯಂತ್ರ ಅರ್ಧ ಅರ್ಥವಾದ ಹಾಗೆ. ಎರಡನ್ನೂ ಕಳಚಿ ಜೋಡಿಸುವಂತೆ ಸ್ಕ್ರೂ ಟರ್ಮಿನಲ್ ಮೇಲೆ ಕೂರಿಸಿ.

ಈ ಸಂಖ್ಯೆಗಳು ಕಬ್ಬಿಣವಿಲ್ಲದ ಕಾಯಿಲ್‌ನವು. ತುಂಡು ಒಳಗೆ ಬಂದಂತೆ ಇಂಡಕ್ಟನ್ಸ್ ಏರುತ್ತದೆ, ಚಲನೆಯಿಂದ ಎದುರು ವೋಲ್ಟೇಜ್ ಹುಟ್ಟುತ್ತದೆ, ನಿಜವಾದ ಕರೆಂಟ್ ಸ್ವಲ್ಪ ಕಡಿಮೆ ಬರುತ್ತದೆ. ನಿಖರವಾಗಿ ಬೇಕಿದ್ದರೆ ಕಾಂತಕ್ಷೇತ್ರದ ಲೆಕ್ಕ ಹಾಕುವ, ಉಚಿತವಾಗಿ ಸಿಗುವ ಎಫ್‌ಇಎಂಎಂ ತಂತ್ರಾಂಶದಲ್ಲಿ ಅಕ್ಷ ಸಮಮಿತಿಯ ಮಾದರಿ ಮಾಡಿ, ಒಂದೊಂದು ಮಿಲಿಮೀಟರಿಗೂ ಬಲ ತೆಗೆದು ಪಟ್ಟಿ ಮಾಡಬಹುದು. ಮೊದಲ ಕಾಯಿಲ್‌ಗೆ ಅಷ್ಟೆಲ್ಲ ಬೇಕಿಲ್ಲ.

ತಂತಿಯ ಗೇಜ್ (ದಪ್ಪ) ಬಗ್ಗೆ ಮುಗಿಯದ ಚರ್ಚೆ ನಡೆಯುತ್ತಿರುತ್ತದೆ. ಕಾಯಿಲ್‌ನ ಗಾತ್ರ ಅದೇ ಇಟ್ಟು ತೆಳು ತಂತಿ ಸುತ್ತಿದರೆ ಸುತ್ತುಗಳು ಹೆಚ್ಚುತ್ತವೆ. ಇಂಡಕ್ಟನ್ಸ್ ಸುತ್ತುಗಳ ವರ್ಗದಂತೆ ಏರುತ್ತದೆ, ರೆಸಿಸ್ಟೆನ್ಸ್ ಕೂಡ ಹೆಚ್ಚುಕಡಿಮೆ ಹಾಗೆಯೇ ಏರುತ್ತದೆ. ಎರಡರ ಅನುಪಾತ ಅಲ್ಲೇ ನಿಲ್ಲುತ್ತದೆ. ಅಂದರೆ ಗೇಜ್ ಬದಲಿಸುವುದರಿಂದ ಕಾಯಿಲ್‌ನ ಗುಣವೇನೂ ಸುಧಾರಿಸುವುದಿಲ್ಲ, ಅದು ಯಾವ ವೋಲ್ಟೇಜಿಗೆ, ಯಾವ ಕೆಪಾಸಿಟರಿಗೆ ಹೊಂದುತ್ತದೆ ಎನ್ನುವುದಷ್ಟೇ ಬದಲಾಗುತ್ತದೆ. ಕೈಯಲ್ಲಿರುವ ಕೆಪಾಸಿಟರ್ ನೋಡಿಕೊಂಡು ಗೇಜ್ ಆರಿಸಿ, ಅದು ಸರಿಯಾದ ದಾರಿ.

ಕ್ಯಾಮೆರಾ ಫ್ಲ್ಯಾಶ್ ಕೆಪಾಸಿಟರ್ ಏಕೆ ಬೇಡ

ಹಳೆಯ ಕ್ಯಾಮೆರಾದ ಫ್ಲ್ಯಾಶ್ ಕೆಪಾಸಿಟರ್ 300 ವೋಲ್ಟ್ ದಾಟಿ ತುಂಬಿಕೊಳ್ಳುತ್ತದೆ. ಕೈಗೆ ತಗುಲಿದರೆ ಪ್ರಾಣಕ್ಕೇ ಅಪಾಯ, ಇದೊಂದೇ ಕಾರಣ ಸಾಕು. ಎರಡನೆಯ ಕಾರಣವೂ ಇದೆ. ಅದರ ಸಾಮರ್ಥ್ಯ ಸಾಮಾನ್ಯವಾಗಿ 100 ಮೈಕ್ರೊಫ್ಯಾರಡ್‌ನ ಆಸುಪಾಸು. ಮೇಲಿನ ಕಾಯಿಲ್‌ಗೆ ಅದನ್ನು ಜೋಡಿಸಿದರೆ ಕರೆಂಟ್ 0.2 ಮಿಲಿಸೆಕೆಂಡಿನೊಳಗೆ ಶಿಖರ ಮುಟ್ಟಿ ಇಳಿಯಲು ತೊಡಗುತ್ತದೆ. ಅಷ್ಟು ಹೊತ್ತಿಗೆ ತುಂಡು ಕದಲಿಯೇ ಇರುವುದಿಲ್ಲ. ನಿಂತ ತುಂಡನ್ನು ಹೊರಡಿಸಲು ಉದ್ದನೆಯ, ಮೆತ್ತಗಿನ ಪಲ್ಸ್ ಬೇಕು. ಕಡಿಮೆ ವೋಲ್ಟೇಜ್, ದೊಡ್ಡ ಕೆಪಾಸಿಟರ್ ಅದನ್ನು ತಾನಾಗಿಯೇ ಕೊಡುತ್ತದೆ.

ನಳಿಕೆ, ತುಂಡು, ಸುತ್ತುವಿಕೆ

ನಳಿಕೆ ಲೋಹದ್ದಾಗಿರಬಾರದು. ತಾಮ್ರ, ಅಲ್ಯೂಮಿನಿಯಂ ಕೊಳವೆ ಕಾಂತಕ್ಕೆ ಅಂಟುವುದಿಲ್ಲವಲ್ಲ ಎಂದು ಬಳಸುವವರಿದ್ದಾರೆ. ಆದರೆ ಅದು ಶಾರ್ಟ್ ಆದ ಒಂದು ಸುತ್ತಿನಂತೆ ವರ್ತಿಸಿ ಕ್ಷೇತ್ರವನ್ನೇ ತಡೆಯುತ್ತದೆ. ಕಾರ್ಬನ್ ಫೈಬರ್ ಕೂಡ ವಿದ್ಯುತ್ ಹರಿಸುತ್ತದೆ, ಅದೂ ಬೇಡ. ಅಕ್ರಿಲಿಕ್ ಅಥವಾ ಗ್ಲಾಸ್ ಫೈಬರ್ ಕೊಳವೆ ಒಳ್ಳೆಯದು. ಗೋಡೆಯ ದಪ್ಪ ಅರ್ಧದಿಂದ ಮುಕ್ಕಾಲು ಮಿ.ಮೀ., ತುಂಡಿಗೂ ಗೋಡೆಗೂ ನಡುವೆ ಒಟ್ಟು 0.4 ಮಿ.ಮೀ.ನಷ್ಟು ಸಡಿಲ. ತಂತಿ ಮತ್ತು ಕಬ್ಬಿಣದ ನಡುವಿನ ಪ್ರತಿ ಮಿಲಿಮೀಟರ್ ಖಾಲಿ ಜಾಗವೂ ನಷ್ಟವೇ. ಅದಕ್ಕೇ ದಪ್ಪ ಗೋಡೆಯ ಪಿವಿಸಿ ಪೈಪಿನ ಮೇಲೆ ಸುತ್ತಿದ ಕಾಯಿಲ್‌ಗಳು ಅಷ್ಟು ಸೊರಗಿರುತ್ತವೆ.

ತುಂಡಿಗೆ ಮೆದು ಉಕ್ಕು ಬೇಕು. ಡ್ರಿಲ್ ಬಿಟ್‌ನ ಹಿಡಿಕೆಯಂಥ ಗಟ್ಟಿ ಉಕ್ಕು ಒಮ್ಮೆ ಕಾಂತವಾದರೆ ಹಾಗೆಯೇ ಉಳಿದು, ಪ್ರತಿ ಸಲವೂ ಬೇರೆ ಬೇರೆ ವೇಗ ತೋರಿಸುತ್ತದೆ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಎಳೆತಕ್ಕೆ ಸಿಗುವುದೇ ಇಲ್ಲ ಎನ್ನಬಹುದು. ದಪ್ಪ ಮೊಳೆಯ ನಡುಭಾಗ ಕತ್ತರಿಸಿ, ಕೆಂಪಗೆ ಕಾಯಿಸಿ ತಾನಾಗಿ ತಣ್ಣಗಾಗಲು ಬಿಟ್ಟರೆ ಒಳ್ಳೆಯ ತುಂಡು ಸಿಗುತ್ತದೆ. ತುದಿಗಳನ್ನು ಅರದಿಂದ ಚಪ್ಪಟೆ ಮಾಡಿ ಅಂಚು ಮಾತ್ರ ಸವರಿ. ಚೂಪು ಮಾಡಿದರೆ ಕಬ್ಬಿಣ ಕಡಿಮೆಯಾಗಿ ಎಳೆತ ತಗ್ಗುತ್ತದೆ, ಅಪಾಯ ಹೆಚ್ಚುತ್ತದೆ. ಎರಡರಲ್ಲೂ ನಷ್ಟ.

ಸುತ್ತುವಾಗ ಎರಡು ಕಡೆ 2 ಮಿ.ಮೀ. ಅಕ್ರಿಲಿಕ್ ಅಥವಾ ಹೈಲಂ (ಗಟ್ಟಿ ಇನ್ಸುಲೇಶನ್ ಹಾಳೆ) ಬಿಲ್ಲೆ ಅಂಟಿಸಿ, ಅದರಲ್ಲಿ ತಂತಿಯ ಬಾಲಕ್ಕೊಂದು ತೂತು ಇರಲಿ. ತೂತಿನ ಅಂಚು ಚೂಪಾಗಿದ್ದರೆ ಎನಾಮಲ್ ಕೆರೆದು ಹೋಗುತ್ತದೆ. ಮೊದಲ ಪದರದ ಬಾಲ ಬಿಲ್ಲೆಯ ಒಳಮೈಗೆ ಒತ್ತಿಕೊಂಡು ಮೇಲೆ ಬರುವಾಗ ಎಲ್ಲ ಪದರಗಳನ್ನೂ ತಾಗುತ್ತದೆ. ಪದರಗಳ ನಡುವೆ ಶಾರ್ಟ್ ಆಗುವುದು ಹೆಚ್ಚಾಗಿ ಇಲ್ಲೇ, ಆದ್ದರಿಂದ ಬಾಲಕ್ಕೆ ತೆಳು ಸ್ಲೀವ್ ಹಾಕಿ. ಪ್ರತಿ ಪದರ ಮುಗಿದಾಗ ಒಂದು ಸುತ್ತು ಪಾಲಿಯೆಸ್ಟರ್ ಟೇಪ್. ಪದರ ಎಡದಿಂದ ಬಲಕ್ಕೆ ಹೋಗಿ ಬಲದಿಂದ ಎಡಕ್ಕೆ ಬಂದರೂ ಕೊಳವೆ ತಿರುಗುವ ದಿಕ್ಕು ಮಾತ್ರ ಬದಲಾಗಬಾರದು. ನಡುವೆ ದಿಕ್ಕು ತಿರುವಿದರೆ ಆ ಪದರ ಉಳಿದವುಗಳ ವಿರುದ್ಧ ಕೆಲಸ ಮಾಡುತ್ತದೆ. ಮುಗಿದ ಮೇಲೆ ವಾರ್ನಿಷ್ ಅಥವಾ ಎಪಾಕ್ಸಿ ಕುಡಿಸಿ, ಇಲ್ಲದಿದ್ದರೆ ಪ್ರತಿ ಪಲ್ಸಿಗೂ ಸುತ್ತುಗಳು ಒಂದನ್ನೊಂದು ಉಜ್ಜುತ್ತವೆ. ಬೆಸುಗೆಗೆ ಮುಂಚೆ ಎನಾಮಲ್ ಪೂರ್ತಿ ಕೆರೆಯಿರಿ. ಕೆಲವು ಎನಾಮಲ್ ಬೆಸುಗೆಯ ಶಾಖಕ್ಕೆ ತಾನೇ ಉರಿದುಹೋಗುತ್ತದೆ, ಹಲವು ಹೋಗುವುದಿಲ್ಲ. ಬೆಸುಗೆ ಹಿಡಿದಂತೆ ಕಾಣುತ್ತದೆ, ಕರೆಂಟ್ ಮಾತ್ರ ಹರಿಯುವುದಿಲ್ಲ.

ಮುಗಿಸಿದ ಕಾಯಿಲ್‌ನ ರೆಸಿಸ್ಟೆನ್ಸನ್ನು ಸಾಧಾರಣ ಮಲ್ಟಿಮೀಟರಿನಲ್ಲಿ ನೋಡಬೇಡಿ, ಅದರ ವೈರ್‌ಗಳ ರೋಧವೇ ಹತ್ತಿರಹತ್ತಿರ ಅಷ್ಟಿರುತ್ತದೆ. ಬೆಂಚ್ ಸಪ್ಲೈಯಿಂದ (ವೋಲ್ಟೇಜ್, ಕರೆಂಟ್ ಹೊಂದಿಸಬಹುದಾದ ಮೇಜಿನ ಪವರ್ ಸಪ್ಲೈ) 1 ಆಂಪಿಯರ್ ಹರಿಸಿ ಕಾಯಿಲ್‌ನ ತುದಿಗಳಲ್ಲೇ ವೋಲ್ಟೇಜ್ ಅಳೆಯಿರಿ: 0.24 ವೋಲ್ಟ್ ಬಂದರೆ 0.24 ಓಮ್. ಎಣಿಕೆಗಿಂತ ಬಹಳ ಕಡಿಮೆ ಬಂದರೆ ಒಳಗೆಲ್ಲೋ ಶಾರ್ಟ್ ಇದೆ.

ಸ್ವಿಚ್ ಮತ್ತು ಚಾರ್ಜಿಂಗ್

ನೂರಕ್ಕೂ ಹೆಚ್ಚು ಆಂಪಿಯರನ್ನು ಕೈಯ ಸ್ವಿಚ್ಚಿನಿಂದ ಹರಿಸಬೇಡಿ. ಸಂಪರ್ಕದ ತುದಿಗಳು ಕರಗಿ ಅಂಟಿಕೊಳ್ಳುತ್ತವೆ. ಕಿಡಿಯ ಮಾತು ಬಂದಾಗ ನಾರ್ವೆಯ ಭೌತವಿಜ್ಞಾನಿ ಕ್ರಿಸ್ಟಿಯನ್ ಬಿರ್ಕೆಲಂಡ್ ನೆನಪಾಗುತ್ತಾನೆ. 1903ರಲ್ಲಿ ತನ್ನ ವಿದ್ಯುತ್ಕಾಂತೀಯ ಫಿರಂಗಿಯನ್ನು ಸಭೆಯೆದುರು ತೋರಿಸಲು ಹೋಗಿ ಶಾರ್ಟ್ ಸರ್ಕ್ಯೂಟ್ ಆಗಿ ದೊಡ್ಡ ಆರ್ಕ್ ಎದ್ದಿತು. ಪ್ರದರ್ಶನ ಅಲ್ಲಿಗೇ ಕೆಟ್ಟಿತಾದರೂ, ಅಂಥ ಆರ್ಕನ್ನೇ ಬಳಸಿ ಗಾಳಿಯ ನೈಟ್ರೋಜನ್ನಿಂದ ಗೊಬ್ಬರ ತಯಾರಿಸುವ ವಿಧಾನವನ್ನು ಅವನು ಉದ್ಯಮಿ ಸ್ಯಾಮ್ ಐಡೆ ಜತೆ ಸೇರಿ ರೂಪಿಸಿದ. ನಮ್ಮ ಆರ್ಕ್‌ಗಳಿಂದ ಅಂಥದ್ದೇನೂ ಆಗುವುದಿಲ್ಲ, ಸ್ವಿಚ್ ಸುಡುತ್ತದೆ ಅಷ್ಟೆ.

ಮೊದಲ ಲಾಂಚರ್‌ಗೆ ಎಸ್‌ಸಿಆರ್ ಸಾಕು: ಗೇಟ್ ಎಂಬ ಕಾಲಿಗೆ ಸಣ್ಣ ಕರೆಂಟ್ ಕೊಟ್ಟರೆ ತೆರೆದುಕೊಂಡು, ಆನೋಡಿನಿಂದ ಕ್ಯಾಥೋಡಿಗೆ ದೊಡ್ಡ ಕರೆಂಟ್ ಹರಿಸುವ ಸೆಮಿಕಂಡಕ್ಟರ್ ಸ್ವಿಚ್ ಇದು. ಡೇಟಾಶೀಟಿನಲ್ಲಿ ಒಂದು ಪಲ್ಸಿನ ಸರ್ಜ್ ಕರೆಂಟ್ 300 ಆಂಪಿಯರಿಗಿಂತ ಹೆಚ್ಚಿರುವುದನ್ನೂ, 200 ವೋಲ್ಟ್ ಅಥವಾ ಮೇಲಿನದನ್ನೂ ಆರಿಸಿ. 12 ಆಂಪಿಯರಿನ ಸಣ್ಣ ಎಸ್‌ಸಿಆರ್‌ಗಳ ಸರ್ಜ್ ಮಿತಿ ನಮ್ಮ ಶಿಖರಕ್ಕೆ ತೀರ ಹತ್ತಿರ ಇರುತ್ತದೆ. ಕೆಲವು ದಿನ ನಡೆಯಬಹುದು, ಆಮೇಲೆ ಶಾರ್ಟ್ ಆಗಿ ಸಾಯುತ್ತದೆ. ಎಸ್‌ಸಿಆರ್ ಅನ್ನು ನೆಗೆಟಿವ್ ಬದಿಯಲ್ಲಿಡಿ: ಕೆಪಾಸಿಟರ್ ಪಾಸಿಟಿವ್‌ನಿಂದ ಕಾಯಿಲ್, ಕಾಯಿಲ್‌ನಿಂದ ಆನೋಡ್, ಕ್ಯಾಥೋಡ್‌ನಿಂದ ಕೆಪಾಸಿಟರ್ ನೆಗೆಟಿವ್. ಗೇಟಿಗೆ 9 ವೋಲ್ಟ್ ಬ್ಯಾಟರಿಯಿಂದ ಪುಶ್ ಬಟನ್ ಮತ್ತು 100 ಓಮ್ ಮೂಲಕ ಸುಮಾರು 80 ಮಿಲಿಆಂಪಿಯರ್ ಸಿಗುತ್ತದೆ. ಆರಿಸಿದ ಎಸ್‌ಸಿಆರ್‌ಗೆ ಅಷ್ಟು ಸಾಕೇ ಎಂದು ಡೇಟಾಶೀಟ್ ನೋಡಿ. ಗೇಟ್ ಮತ್ತು ಕ್ಯಾಥೋಡ್ ನಡುವೆ 1 ಕಿಲೊಓಮ್ ಮತ್ತು 0.1 ಮೈಕ್ರೊಫ್ಯಾರಡ್ ಹಾಕದಿದ್ದರೆ ಹತ್ತಿರದ ಯಾವುದೋ ಸ್ವಿಚ್ ಒತ್ತಿದಾಗಲೂ ಹಾರಿಬಿಡಬಹುದು. ಕೆಪಾಸಿಟರ್‌ನ ಎರಡೂ ತುದಿಗೆ, ಕ್ಯಾಥೋಡ್ ಪಾಸಿಟಿವ್ ಕಡೆಗಿರುವಂತೆ, ಇಷ್ಟೇ ಸರ್ಜ್ ತಾಳುವ ಡಯೋಡ್ ಜೋಡಿಸಿ. ಒಂದೇ ಕೆಪಾಸಿಟರ್ ಇಟ್ಟಾಗ ವೋಲ್ಟೇಜ್ ಸೊನ್ನೆ ದಾಟಿ ತಿರುಗುಮುರುಗಾಗುವ ಸಾಧ್ಯತೆ ಇದೆ, ಎಲೆಕ್ಟ್ರೊಲಿಟಿಕ್ ಅದನ್ನು ಸಹಿಸುವುದಿಲ್ಲ.

ಕೆಪಾಸಿಟರ್, ಕಾಯಿಲ್, ಎಸ್‌ಸಿಆರ್ ಈ ಮೂರರ ನಡುವಿನ ವೈರ್ 4 ಚದರ ಮಿ.ಮೀ. ಇರಲಿ, ಗೇಣುದ್ದ ಮೀರದಿರಲಿ. ಈ ಕರೆಂಟಿಗೆ ಬ್ರೆಡ್‌ಬೋರ್ಡ್ ಆಗದು.

ಚಾರ್ಜ್ ಮಾಡಲು ಕರೆಂಟ್ ಮಿತಿಯಿರುವ ಬೆಂಚ್ ಸಪ್ಲೈ ಇದ್ದರೆ ಉತ್ತಮ. ಇಲ್ಲದಿದ್ದರೆ 12 ವೋಲ್ಟ್ ಬ್ಯಾಟರಿ, ವೋಲ್ಟೇಜ್ ಏರಿಸುವ ಬೂಸ್ಟ್ ಮಾಡ್ಯೂಲ್, ಮುಂದೆ 100 ಓಮ್ 10 ವ್ಯಾಟ್ ವೈರ್‌ವೌಂಡ್ ರೆಸಿಸ್ಟರ್. ಖಾಲಿ ಕೆಪಾಸಿಟರ್ ಮಾಡ್ಯೂಲಿನ ಕಣ್ಣಿಗೆ ಶಾರ್ಟ್ ಸರ್ಕ್ಯೂಟಿನಂತೆ ಕಾಣುತ್ತದೆ. ರೆಸಿಸ್ಟರ್ ಬಿಟ್ಟರೆ ಮಾಡ್ಯೂಲ್ ಒಳಗಿನ ಡಯೋಡ್ ಮೊದಲ ಸಲಕ್ಕೇ ಹೋಗಬಹುದು. 9400 ಮೈಕ್ರೊಫ್ಯಾರಡ್ ಜತೆ ಐದು ಸೆಕೆಂಡಿನಲ್ಲಿ ಪೂರ್ತಿ ತುಂಬುತ್ತದೆ. ಇಲ್ಲೊಂದು ಬಲೆ ಇದೆ. ಚಾರ್ಜಿಂಗ್ ಜೋಡಿಸಿಯೇ ಹಾರಿಸಿದರೆ 100 ಓಮ್ ಮೂಲಕ ಅರ್ಧ ಆಂಪಿಯರ್ ಎಸ್‌ಸಿಆರ್‌ಗೆ ಹರಿಯುತ್ತಲೇ ಇರುತ್ತದೆ. ಅದು ಎಸ್‌ಸಿಆರ್ ತೆರೆದೇ ಇರಲು ಸಾಕಾಗುವ ಹೋಲ್ಡಿಂಗ್ ಕರೆಂಟಿಗಿಂತ ಹೆಚ್ಚಾದ್ದರಿಂದ ಎಸ್‌ಸಿಆರ್ ಆರುವುದೇ ಇಲ್ಲ. ಮೊದಲ ಸಲ ಹಾರಿತು, ಆಮೇಲೆ ಕೆಪಾಸಿಟರ್ ತುಂಬುತ್ತಲೇ ಇಲ್ಲ ಎಂಬ ದೂರಿನ ಮೂಲ ಬಹಳ ಸಲ ಇದೇ. ಒತ್ತಿದಾಗ ಮಾತ್ರ ಜೋಡುವ, ಬಿಟ್ಟರೆ ಕಡಿಯುವ ಬಟನ್ ಹಾಕಿದರೆ ಮುಗಿಯಿತು.

ಕೆಪಾಸಿಟರ್‌ಗೆ ಶಾಶ್ವತವಾಗಿ 2.2 ಕಿಲೊಓಮ್ 2 ವ್ಯಾಟ್ ರೆಸಿಸ್ಟರ್ ಬೆಸೆಯಿರಿ. ಸುಮ್ಮನೆ ಬಿಟ್ಟರೆ ಎರಡು ನಿಮಿಷದೊಳಗೆ ವೋಲ್ಟೇಜ್ ಅರ್ಧ ವೋಲ್ಟಿಗಿಂತ ಕೆಳಗಿಳಿಯುತ್ತದೆ. ಜತೆಗೆ 4.7 ಕಿಲೊಓಮ್ 1 ವ್ಯಾಟ್ ಮೂಲಕ ಒಂದು ಎಲ್‌ಇಡಿ. ಅದು ಉರಿಯುತ್ತಿರುವವರೆಗೆ ಕೈ ಹಾಕಬೇಡಿ, ಆರಿದ ಮೇಲೂ ಮೀಟರ್ ಇಟ್ಟು ನೋಡಿ. 50 ವೋಲ್ಟ್ ಒಣ ಕೈಗೆ ಸಾಮಾನ್ಯವಾಗಿ ದೊಡ್ಡ ಹೊಡೆತ ಕೊಡುವುದಿಲ್ಲ, ಆದರೆ ಉಂಗುರವೋ ಸ್ಕ್ರೂಡ್ರೈವರೋ ತುದಿಗಳಿಗೆ ಅಡ್ಡಬಿದ್ದರೆ ದೊಡ್ಡ ಕಿಡಿ ಹಾರಿ ತಾಗಿದ ಕಡೆ ಸುಡುತ್ತದೆ. ಉಂಗುರ, ವಾಚ್ ತೆಗೆದಿಡಿ. ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು. ಕೆಪಾಸಿಟರ್ ಉಲ್ಟಾ ಜೋಡಿಸಿದರೆ ಸಿಡಿಯುತ್ತದೆ, ಕನ್ನಡಕವಿಲ್ಲದೆ ಪವರ್ ಕೊಡಬೇಡಿ. ನಳಿಕೆಯ ಎದುರು ಹಳೆ ಬಟ್ಟೆ ತುಂಬಿದ ರಟ್ಟಿನ ಡಬ್ಬಿ ಇಟ್ಟು, ಇಡೀ ಸಾಧನವನ್ನು ಮೇಜಿಗೆ ಬಿಗಿಯಿರಿ. ಕೈಯಲ್ಲಿ ಹಿಡಿಯುವ ಆಕಾರ ಕೊಡುವ ಗೋಜಿಗೆ ಹೋಗಬೇಡಿ. ಅಳತೆಗೂ ಅದು ತೊಂದರೆ, ಕೆಲವು ದೇಶಗಳಲ್ಲಿ ಕಾನೂನಿನ ಪ್ರಶ್ನೆಯೂ ಏಳುತ್ತದೆ.

ಆರಂಭದ ಜಾಗ ಹುಡುಕುವುದು

ತುಂಡು ಎಲ್ಲಿಂದ ಹೊರಡುತ್ತದೆ ಎನ್ನುವುದು ವೇಗವನ್ನು ಬದಲಿಸುವಷ್ಟು ಬೇರೆ ಯಾವುದೂ ಸುಲಭಕ್ಕೆ ಬದಲಿಸುವುದಿಲ್ಲ. ಖರ್ಚೂ ಇಲ್ಲ. ಮೊದಲು ಸ್ಥಿರ ಅಳತೆ: ಕಾಯಿಲನ್ನು ನೆಟ್ಟಗೆ ನಿಲ್ಲಿಸಿ, ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಮರದ ಕಡ್ಡಿ, ಕಡ್ಡಿಯ ತುದಿಗೆ ತುಂಡನ್ನು ಅಂಟಿಸಿ. ಕಾಯಿಲ್‌ಗೆ 3 ಆಂಪಿಯರ್ ಕೊಟ್ಟು ಕಾಯಿಲನ್ನು ಎರಡೆರಡು ಮಿ.ಮೀ. ಇಳಿಸುತ್ತ ತೂಕದ ಬದಲಾವಣೆ ಬರೆದುಕೊಳ್ಳಿ. ಎಳೆತ ಎಲ್ಲಿ ಹೆಚ್ಚು, ಎಲ್ಲಿ ಸೊನ್ನೆ ಎಂದು ಗ್ರಾಫ್ ತೋರಿಸುತ್ತದೆ. ಕಡ್ಡಿ ಉದ್ದವಾಗಿರಲಿ, ತಕ್ಕಡಿಯೊಳಗಿನ ಲೋಹಕ್ಕೆ ಕ್ಷೇತ್ರ ತಾಗಬಾರದು. ಎಲ್‌ಸಿಆರ್ ಮೀಟರ್ ಇದ್ದವರು ಇಂಡಕ್ಟನ್ಸ್ ಏರುವ ದರದಿಂದಲೂ ಇದನ್ನು ತಿಳಿಯಬಹುದು, ಆದರೆ 100 ಅಥವಾ 120 ಹರ್ಟ್ಸ್‌ನಲ್ಲೇ ಅಳೆಯಿರಿ. ಹೆಚ್ಚು ಆವರ್ತನದಲ್ಲಿ ಇಡಿಯಾದ ಉಕ್ಕಿನ ತುಂಡಿನೊಳಗೇ ಸುತ್ತುವ ಎಡ್ಡಿ ಕರೆಂಟ್ ಎದ್ದು ಕ್ಷೇತ್ರ ಮೇಲ್ಮೈಯಲ್ಲೇ ನಿಲ್ಲುತ್ತದೆ, ಮೀಟರ್ ಸುಳ್ಳು ಹೇಳುತ್ತದೆ.

ಸ್ಥಿರ ಅಳತೆಯಲ್ಲಿ ಎಳೆತ ಹೆಚ್ಚಿರುವ ಜಾಗವೇ ಹೊರಡಲು ಅತ್ಯುತ್ತಮ ಜಾಗ ಎಂದುಕೊಳ್ಳಬೇಡಿ. ಕರೆಂಟ್ ಶಿಖರ ಮುಟ್ಟುವ ಹೊತ್ತಿಗೆ ತುಂಡು ಅಲ್ಲಿರಬೇಕು, ಅಂದರೆ ಅದಕ್ಕಿಂತ ತುಸು ಹಿಂದಿನಿಂದ ಹೊರಡಬೇಕು. ಪಲ್ಸಿನ ಬಾಲ ಉದ್ದವಿದ್ದರೆ ಇನ್ನೂ ಸ್ವಲ್ಪ ಹಿಂದೆ. ನಳಿಕೆಯ ಹಿಂಬದಿಯಿಂದ ನೈಲಾನ್ ಬೋಲ್ಟ್ ತೂರಿಸಿ ನಿಲುಗಡೆ ಮಾಡಿಕೊಂಡರೆ ಒಂದೊಂದೇ ಮಿಲಿಮೀಟರ್ ಸರಿಸಿ ನೋಡಬಹುದು. ತುಂಡು ಹಿಂದಕ್ಕೆ ಹಾರಿದರೆ ಅದು ಆಗಲೇ ನಡುವನ್ನು ದಾಟಿ ಕೂತಿತ್ತು ಎಂದರ್ಥ.

ವೇಗ ಅಳೆಯದೆ ಇದಾವುದೂ ಕೆಲಸಕ್ಕೆ ಬಾರದು. ಇನ್‌ಫ್ರಾರೆಡ್ ಎಲ್‌ಇಡಿ ಮತ್ತು ಫೋಟೊಟ್ರಾನ್ಸಿಸ್ಟರ್‌ನ ಎರಡು ಬೆಳಕಿನ ಗೇಟ್ (ತುಂಡು ದಾಟಿದ ಕ್ಷಣ ತಿಳಿಸುವ ಜೋಡಿ), ನಡುವೆ 50 ಮಿ.ಮೀ., ಕಾಯಿಲ್‌ನಿಂದ ಕನಿಷ್ಠ 100 ಮಿ.ಮೀ. ದೂರ. 16 ಮೆಗಾಹರ್ಟ್ಸ್ ಆರ್ಡುಯಿನೊ (ಪ್ರೋಗ್ರಾಂ ಮಾಡಬಹುದಾದ ಸಣ್ಣ ನಿಯಂತ್ರಕ ಬೋರ್ಡ್) 4 ಮೈಕ್ರೊಸೆಕೆಂಡಿನ ಸೂಕ್ಷ್ಮತೆಯಲ್ಲಿ ಕಾಲ ಕೊಡುತ್ತದೆ, 10 ಮೀಟರ್ ವೇಗದ ತುಂಡಿಗೆ ಈ ದೂರ 5 ಮಿಲಿಸೆಕೆಂಡ್, ಹಾಗಾಗಿ ಸಾಕಷ್ಟು ನಿಖರ. ಫೋಟೊಟ್ರಾನ್ಸಿಸ್ಟರ್‌ನ ಲೋಡ್ ರೆಸಿಸ್ಟರ್ ಕೆಲವೇ ಕಿಲೊಓಮ್ ಇರಲಿ, ಹೆಚ್ಚಾದರೆ ಅಂಚು ಮೊಂಡಾಗುತ್ತದೆ. ಆರ್ಡುಯಿನೊವನ್ನು ಬೇರೆ ಬ್ಯಾಟರಿಯಲ್ಲಿ ನಡೆಸಿ. ನೂರು ಆಂಪಿಯರ್ ಹರಿಯುವ ಗ್ರೌಂಡ್ ವೈರನ್ನು ಅದರ ಜತೆ ಹಂಚಿಕೊಂಡರೆ ಪ್ರತಿ ಪಲ್ಸಿಗೂ ರೀಸೆಟ್ ಆಗುತ್ತದೆ, ಇಲ್ಲವೇ ಅಸಾಧ್ಯ ವೇಗ ತೋರಿಸುತ್ತದೆ.

ಸೆಕೆಂಡಿಗೆ 9 ಮೀಟರ್ ಬಂತೆನ್ನಿ. ತುಂಡಿನ ಶಕ್ತಿ 0.22 ಜೂಲ್, ಕೆಪಾಸಿಟರ್‌ನಲ್ಲಿದ್ದದ್ದು 11.75. ಶೇಕಡ ಎರಡೂ ಇಲ್ಲ. ನಿರಾಸೆ ಬೇಡ, ಒಂದೇ ಹಂತದ, ಕಡಿಮೆ ವೇಗದ ಕಾಯಿಲ್‌ಗಳ ಹಣೆಬರಹ ಇಷ್ಟೇ. ಉಳಿದದ್ದು ಹೆಚ್ಚಾಗಿ ತಾಮ್ರದ ಶಾಖವಾಗುತ್ತದೆ. ಆದರೂ ಮೂವತ್ತು ಗ್ರಾಂ ತಾಮ್ರ ಒಂದು ಸಲಕ್ಕೆ ಒಂದು ಡಿಗ್ರಿಯಷ್ಟೂ ಬಿಸಿಯಾಗುವುದಿಲ್ಲ, ಅದಕ್ಕೇ ಕಾಯಿಲ್ ಮುಟ್ಟಿ ನೋಡಿದವರಿಗೆ ನಷ್ಟ ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ.

ಬಾಲ ಕತ್ತರಿಸುವುದು

ಎಸ್‌ಸಿಆರ್ ಒಮ್ಮೆ ತೆರೆದರೆ ನಮ್ಮ ಮಾತು ಕೇಳುವುದಿಲ್ಲ. ಹಿಂದೆಳೆತ ತಪ್ಪಿಸಲು ಮುಂದಿನ ಹೆಜ್ಜೆ ಮಾಸ್‌ಫೆಟ್, ಗೇಟಿನ ವೋಲ್ಟೇಜ್ ತೆಗೆದರೆ ಮುಚ್ಚಿಕೊಳ್ಳುವ ಸ್ವಿಚ್. ಪಲ್ಸ್ ಕರೆಂಟ್ 200 ಆಂಪಿಯರ್ ಮೇಲಿರುವುದು, 200 ವೋಲ್ಟಿನದು, ಗೇಟ್ ಡ್ರೈವರ್‌ನಿಂದ 12 ವೋಲ್ಟ್. ಆರ್ಡುಯಿನೊದ 5 ವೋಲ್ಟನ್ನು ನೇರ ಗೇಟಿಗೆ ಕೊಟ್ಟರೆ ಅದು ಅರೆಬರೆ ತೆರೆದು ಸುಟ್ಟುಹೋಗುತ್ತದೆ. ಕರೆಂಟ್ ಕಡಿದ ಕ್ಷಣ ಕಾಯಿಲ್‌ನ ಶಕ್ತಿಗೆ ದಾರಿ ಬೇಕು. ಕಾಯಿಲ್‌ಗೆ ಅಡ್ಡಲಾಗಿ ಬರೀ ಡಯೋಡ್ ಹಾಕಿದರೆ ಕರೆಂಟ್ ಅದರಲ್ಲೇ ಸುತ್ತುತ್ತ ಮತ್ತೆ ಬಾಲ ಬೆಳೆಸುತ್ತದೆ. ಡಯೋಡಿನ ಸರಣಿಯಲ್ಲಿ 0.5 ಓಮ್ ರೆಸಿಸ್ಟರ್ ಸೇರಿಸಿದರೆ ಕರೆಂಟ್ ಇಳಿಯುವ ಕಾಲ ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ಬದಲಿಗೆ ತೆರಬೇಕಾದದ್ದು ವೋಲ್ಟೇಜ್: 130 ಆಂಪಿಯರಿನಲ್ಲೇ ಕಡಿದರೆ ಆ ರೆಸಿಸ್ಟರ್ ಮೇಲೆ 65 ವೋಲ್ಟ್ ಏಳುತ್ತದೆ, ಕೆಪಾಸಿಟರ್‌ನ ವೋಲ್ಟೇಜೂ ಸೇರಿ ಮಾಸ್‌ಫೆಟ್ ನೂರಕ್ಕಿಂತ ಹೆಚ್ಚು ತಡೆಯಬೇಕು. 200 ವೋಲ್ಟಿನದು ಬೇಕೆಂದದ್ದು ಅದಕ್ಕೇ. ಆ ರೆಸಿಸ್ಟರ್ ಇಂಡಕ್ಟನ್ಸ್ ಇಲ್ಲದ್ದಾಗಿರಲಿ, ಇಲ್ಲವಾದರೆ ಅದೇ ಇನ್ನೊಂದು ಸ್ಪೈಕ್ ಹುಟ್ಟಿಸುತ್ತದೆ.

ಪಲ್ಸಿನ ಅವಧಿಯನ್ನು 1.5 ಮಿಲಿಸೆಕೆಂಡಿನಿಂದ ಶುರು ಮಾಡಿ ಕಾಲು ಕಾಲು ಮಿಲಿಸೆಕೆಂಡ್ ಹೆಚ್ಚಿಸುತ್ತ, ಪ್ರತಿ ಅವಧಿಗೂ ಐದಾರು ಸಲ ಹಾರಿಸಿ ನಡುವಿನ ಬೆಲೆ ತೆಗೆದುಕೊಳ್ಳಿ. ವೇಗ ಏರುತ್ತ ಹೋಗಿ ಒಂದು ಕಡೆ ಮಟ್ಟಸವಾಗಿ, ಆಮೇಲೆ ಇಳಿಯುತ್ತದೆ. ಇಳಿಯಲು ಶುರುವಾದ ಜಾಗದಿಂದ ಹಿಂದೆಳೆತ ಆರಂಭ. ಮಟ್ಟಸ ಭಾಗದ ಮೊದಲ ತುದಿಯಲ್ಲೇ ನಿಲ್ಲಿಸಿದರೆ ವೇಗ ಅಷ್ಟೇ ಇದ್ದು ಕೆಪಾಸಿಟರ್‌ನಲ್ಲಿ ಶಕ್ತಿಯೂ ಮಿಗುತ್ತದೆ, ಮುಂದಿನ ಸಲ ತುಂಬಿಸಲು ಕಡಿಮೆ ಹೊತ್ತು ಸಾಕು. ಆರಂಭದ ಜಾಗ ಸರಿಸಿದಾಗಲೆಲ್ಲ ಈ ಅವಧಿಯನ್ನು ಮತ್ತೆ ಹುಡುಕಬೇಕು, ಒಂದನ್ನು ಬಿಟ್ಟು ಇನ್ನೊಂದು ಹೊಂದುವುದಿಲ್ಲ.